ಕೌಂಟರಿನ ಆಚೆ ನಿಂತವರು



ಹೋಟೆಲುಗಳ ಇತಿಹಾಸವನ್ನು ಕುರಿತು ಈಚೆಗೆ ನಮ್ಮ ಸಂವಾದ ಕಾರ್ಯಕ್ರಮದಲ್ಲಿ ನಡೆದ ಮಾತುಕತೆಯನ್ನು ತಾವು ನೋಡಿರಬಹುದು. ಕಾಫಿಯಿಂದ ಹೊರಟ ಮಾತು ದೋಸೆಗೆ ಬಂದು, ಊಟದ ಹೋಟೆಲುಗಳನ್ನು ಹಾದು, ಇನ್ನೇನು ಬಾರುಗಳ ಬಾಗಿಲಿಗೆ ಬಂತು ಎನ್ನುವಷ್ಟರಲ್ಲಿ ಸಮಯ ಮುಗಿಯಿತು. ನಿಜ ಹೇಳಬೇಕೆಂದರೆ ಸಮಯ ಮುಗಿಯಲಿಲ್ಲ. ನಿರ್ಮಾಪಕನಾದ ನಾನೇ ಅದನ್ನು ಮುಗಿಸಿದೆ. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡುವ ಹೊತ್ತಿನಲ್ಲಿ ಮದ್ಯದ ಮಾತು ಬೇಡವೆಂಬ ಅಂಜಿಕೆ ಒಂದು ಕಾರಣ. ಇನ್ನೊಂದು ಕಾರಣ ಸ್ವಂತದ್ದು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಕುಡಿಯಿರೆಂದು ಹೇಳುವುದು ಈ ಬರಹದ ಉದ್ದೇಶವಲ್ಲ. ಜಗತ್ತಿನಲ್ಲಿ ಹೆಸರಾದ ಕೆಲವು ಪಾನೀಯಗಳನ್ನು ಯಾರು ಮಾಡಿದರು, ಅವರ ಹೆಸರು ಏಕೆ ಉಳಿಯಿತು ಅಥವಾ ಏಕೆ ಅಳಿಯಿತು ಎಂಬುದಷ್ಟೆ ಇಲ್ಲಿಯ ವಿಚಾರ.

2001ರ ಬೇಸಿಗೆ. ಬಿ.ಎಸ್ಸಿ. ಕೊನೆಯ ವರ್ಷದ ಪರೀಕ್ಷೆ ಬರೆದು ಫಲಿತಾಂಶಕ್ಕಾಗಿ ಕಾಯುತ್ತಿದ್ದೆ. ಮನೆಯಲ್ಲಿ ಕೈಖರ್ಚಿಗೆ ಕೇಳುವ ವಯಸ್ಸು ಮೀರಿತ್ತು. ಬೆಂಗಳೂರಿನ ಒಂದು ಬಾರ್ ಅಂಡ್ ರೆಸ್ಟೋರೆಂಟಿನಲ್ಲಿ ಸಂಜೆ ಆರರಿಂದ ರಾತ್ರಿ ಹನ್ನೊಂದರವರೆಗೆ ಬಿಲ್ ಬರೆಯುವ ಕೆಲಸ ಸಿಕ್ಕಿತು. ಮನೆಯಲ್ಲಿ ಮಾತ್ರ ಟ್ಯೂಷನ್ ಹೇಳುತ್ತಿದ್ದೇನೆ ಎಂದು ತಿಳಿಸಿದ್ದೆ. ನನ್ನ ಮೇಜು ಕೌಂಟರಿನ ಮಗ್ಗುಲಲ್ಲೇ ಇತ್ತು. ಕೌಂಟರಿನ ಆಚೆ ನಿಂತವರು ಕುಂದಾಪುರದ ಕಡೆಯವರು, ಐವತ್ತು ದಾಟಿದವರು. ಮಾಲೀಕರೊಬ್ಬರನ್ನು ಬಿಟ್ಟು ನಾವೆಲ್ಲರೂ ಅವರನ್ನು ‘ಅಣ್ಣ’ ಎಂದೇ ಕರೆಯುತ್ತಿದ್ದೆವು. ಹದಿಮೂರನೆಯ ವಯಸ್ಸಿಗೆ ಮುಂಬಯಿಗೆ ಹೋಗಿ, ಹೋಟೆಲಿನಲ್ಲಿ ಲೋಟ ತೊಳೆದು, ಸಪ್ಲಾಯರ್ ಆಗಿ, ಕೊನೆಗೆ ಪರ್ಮಿಟ್ ರೂಮಿನ ಕೌಂಟರಿಗೆ ಏರಿದವರು ಅವರು.

ಒಂದು ದಿನ ಗಿರಾಕಿಯೊಬ್ಬರು ಗ್ಲಾಸಿಗೆ ಐಸು ಜಾಸ್ತಿಯಾಯಿತೆಂದು ತಕರಾರು ತೆಗೆದರು. ಸಣ್ಣ ಚೂರುಗಳನ್ನು ತೆಗೆದು ಹಾಕಿ, ದೊಡ್ಡದೊಂದು ಗಡ್ಡೆಯನ್ನು ಇಳಿಬಿಟ್ಟು ಕೊಟ್ಟ ಅಣ್ಣ ನನ್ನ ಕಡೆ ತಿರುಗಿ, “ಎಂತ ಮಾಣಿ, ಸಣ್ಣ ಐಸು ಬೇಗ ನೀರಾಗ್ತದೆ, ದೊಡ್ಡದು ತಡವಾಗಿ. ಯಾಕೆ ಹೇಳು, ನೀನು ಬಿಯೆಸ್ಸಿ ಅಲ್ವಾ?” ಎಂದರು. ಚೂರಾದಷ್ಟೂ ಮೇಲ್ಮೈ ವಿಸ್ತೀರ್ಣ ಹೆಚ್ಚುತ್ತದೆ ಎಂದು ಪಾಠ ಒಪ್ಪಿಸಿದೆ. ಆದರೆ ದ್ರವನ ಗುಪ್ತೋಷ್ಣ ಎಂದು ಪುಸ್ತಕದಲ್ಲಿ ಓದಿದ್ದು ನಿಜವಾಗಿ ಅರ್ಥವಾದದ್ದು ಆ ಕೌಂಟರಿನಲ್ಲೇ. ಒಂದು ಗ್ರಾಂ ಮಂಜುಗಡ್ಡೆ ಕರಗುವಾಗ ಸುಮಾರು 80 ಕ್ಯಾಲೊರಿ ಶಾಖವನ್ನು ಸುತ್ತಲಿನ ದ್ರವದಿಂದ ಹೀರಿಕೊಳ್ಳುತ್ತದೆ. ಕರಗಿದ್ದರಿಂದಲೇ ಪಾನೀಯ ತಣ್ಣಗಾಗುತ್ತದೆ. ಕರಗಿದ್ದರಿಂದಲೇ ಅದು ನೀರಾಗುತ್ತದೆ. ಎರಡನ್ನೂ ಬೇಕಾದ ಅಳತೆಗೆ ನಿಲ್ಲಿಸುವುದೇ ಆ ಕಸುಬಿನ ಅರ್ಧ ವಿದ್ಯೆ.

ಅಣ್ಣನ ಕೈಯಲ್ಲಿ ಒಂದು ಪಾನೀಯವಿತ್ತು. ಊರಿನಿಂದ ತರಿಸಿದ ಪುನರ್ಪುಳಿ ಸಿಪ್ಪೆಯನ್ನು ನೆನೆಹಾಕಿ ಹಿಂಡಿದ ಕೆಂಪು ರಸ, ಸ್ವಲ್ಪ ಸಕ್ಕರೆ ಪಾಕ, ಚಿಟಿಕೆ ಉಪ್ಪು, ಕುಟ್ಟಿದ ಜೀರಿಗೆ, ಒಂದು ಅಳತೆ ಜಿನ್, ಮೇಲೆ ಸೋಡಾ. ತೀರ್ಥಹಳ್ಳಿ, ಸಾಗರದ ಕಡೆಯವರು ಮುರುಗಲು ಎನ್ನುವುದೂ ಇದನ್ನೇ. ಮದ್ಯ ಬೇಡವೆಂದವರಿಗೆ ಜಿನ್ ಬಿಟ್ಟು ಉಳಿದದ್ದೆಲ್ಲ ಹಾಕಿ ಕೊಡುತ್ತಿದ್ದರು. ಸ್ವತಃ ಅಣ್ಣ ಒಂದು ತೊಟ್ಟೂ ಕುಡಿದವರಲ್ಲ. ರುಚಿ ನೋಡಬೇಕಾದಾಗ ಅಂಗೈಯ ಹಿಂಭಾಗಕ್ಕೆ ಒಂದು ಹನಿ ಬಿಟ್ಟುಕೊಂಡು, ನಾಲಿಗೆಗೆ ತಾಗಿಸಿ, ಬಾಯಿ ಮುಕ್ಕಳಿಸಿ ಉಗಿಯುತ್ತಿದ್ದರು. ಕುಡಿಯದವರು ಇಷ್ಟು ಚೆನ್ನಾಗಿ ಅಳತೆ ಹಿಡಿಯುವುದು ಹೇಗೆಂದು ನನಗೆ ಅಚ್ಚರಿ. ಅಳತೆಯನ್ನು ಕೇಳಿ, ನನ್ನ ರಸಾಯನಶಾಸ್ತ್ರದ ರೆಕಾರ್ಡ್ ಪುಸ್ತಕದ ಕೊನೆಯ ಹಾಳೆಯಲ್ಲಿ ಮಿಲಿಲೀಟರ್ ಲೆಕ್ಕದಲ್ಲಿ ಬರೆದಿಟ್ಟುಕೊಂಡೆ.

ಅಲ್ಲಿಂದ ಹುಟ್ಟಿದ ಕುತೂಹಲವೇ ಮುಂದೆ ಈ ಇತಿಹಾಸವನ್ನು ಓದುವಂತೆ ಮಾಡಿತು.

ಮೊದಲು ನಮ್ಮ ದೇಶದ ನಂಟಿನಿಂದಲೇ ಆರಂಭಿಸೋಣ. ‘ಪಂಚ್’ ಎಂಬ ಪಾನೀಯದ ಹೆಸರನ್ನು ತಾವು ಕೇಳಿರಬಹುದು. ಸಾರಾಯಿ, ನಿಂಬೆರಸ, ಸಕ್ಕರೆ, ನೀರು, ಮಸಾಲೆ, ಹೀಗೆ ಐದು ವಸ್ತುಗಳಿಂದ ಆದುದರಿಂದ ನಮ್ಮ ‘ಪಂಚ’ ಶಬ್ದದಿಂದಲೇ ಆ ಹೆಸರು ಬಂತೆಂದು ಹಲವು ವಿದ್ವಾಂಸರ ಅಭಿಪ್ರಾಯ. ಪಂಚಾಮೃತ, ಪಂಚಕಜ್ಜಾಯಗಳನ್ನು ತಿಂದು ಬೆಳೆದ ನಮಗೆ ಈ ಲೆಕ್ಕ ಹೊಸದೇನೂ ಅಲ್ಲ. ಈಸ್ಟ್ ಇಂಡಿಯಾ ಕಂಪನಿಯ ನೌಕರರೊಬ್ಬರು 1632ರಲ್ಲಿ ಬರೆದ ಪತ್ರದಲ್ಲಿ ಈ ಶಬ್ದ ಬರುತ್ತದೆ. ಕಂಪನಿಯ ಹಡಗುಗಳೊಡನೆ ಅದು ಲಂಡನ್ನಿಗೂ ಹೋಯಿತು. ಆದರೆ ಮೊದಲು ಆ ಐದನ್ನೂ ಬೆರೆಸಿದ ಕೈ ಯಾರದು? ಸೂರತ್ತಿನ ಅಡಿಗೆಯವನೋ, ಹಡಗಿನ ಆಳೋ, ಯಾವ ದಾಖಲೆಯೂ ಹೇಳುವುದಿಲ್ಲ. ಕುಡಿದವರು ಪತ್ರ ಬರೆದರು, ಬೆರೆಸಿದವನು ಬರೆಯಲಿಲ್ಲ.

‘ಕಾಕ್‌ಟೇಲ್’ ಎಂಬ ಮಾತಿನ ಅರ್ಥವನ್ನು ಮೊದಲಬಾರಿಗೆ ಅಚ್ಚಿನಲ್ಲಿ ವಿವರಿಸಿದ್ದು 1806ರಲ್ಲಿ, ಅಮೆರಿಕದ ಹಡ್ಸನ್ ಎಂಬ ಊರಿನ ಪತ್ರಿಕೆಯೊಂದು. ಮದ್ಯ, ಸಕ್ಕರೆ, ನೀರು ಮತ್ತು ಬೇರು ತೊಗಟೆಗಳ ಕಹಿ ಅರ್ಕ, ಇವುಗಳ ಮಿಶ್ರಣವೇ ಕಾಕ್‌ಟೇಲ್ ಎಂದು ಅದು ಹೇಳಿತು. ಗಮನಿಸಿ, ಆ ಪಟ್ಟಿಯಲ್ಲಿ ಐಸು ಇಲ್ಲ. ಮಂಜುಗಡ್ಡೆ ಆಗಿನ್ನೂ ಸಿರಿವಂತರ ಸೊತ್ತು. ಅದನ್ನು ವ್ಯಾಪಾರದ ಸರಕಾಗಿ ಮಾಡಿದವರು ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳಿಂದ ಗಡ್ಡೆಗಳನ್ನು ಕೊಯ್ದು, ಶಾಖ ತಟ್ಟದಂತೆ ಹೊದಿಕೆ ಮಾಡಿ ಹಡಗಿಗೆ ತುಂಬುತ್ತಿದ್ದರು. 1833ರಲ್ಲಿ ಅವರ ‘ಟಸ್ಕನಿ’ ಎಂಬ ಹಡಗು ಸುಮಾರು 180 ಟನ್ ಐಸು ಹೊತ್ತು ಹೊರಟು, ನಾಲ್ಕು ತಿಂಗಳ ಮೇಲೆ ಕಲ್ಕತ್ತೆಗೆ ಬಂದಾಗ ಸುಮಾರು 100 ಟನ್ ಇನ್ನೂ ಉಳಿದಿತ್ತು! ಎರಡು ಬಾರಿ ಸಮಭಾಜಕವೃತ್ತವನ್ನು ದಾಟಿ ಬಂದ ಐಸು ಅದು. ದೊಡ್ಡ ಗಡ್ಡೆ ತಡವಾಗಿ ಕರಗುತ್ತದೆ ಎಂಬ ಅಣ್ಣನ ಪಾಠವೇ ಇಲ್ಲಿ ಹಡಗಿನ ಗಾತ್ರದಲ್ಲಿ ನಡೆದಿದೆ. ಮದರಾಸಿನ ಕಡಲತೀರದಲ್ಲಿ ಈ ಐಸನ್ನು ತುಂಬಿಡಲು 1842ರಲ್ಲಿ ಕಟ್ಟಿದ ಐಸ್ ಹೌಸ್ ಈಗಲೂ ಇದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರು. ಈಗ ಅದು ವಿವೇಕಾನಂದರ್ ಇಲ್ಲಂ. ಮದ್ಯದ ಗ್ಲಾಸಿಗೂ ಐಸು ಒದಗಿಸಿದ ಕಟ್ಟಡ ಸಂನ್ಯಾಸಿಯ ಸ್ಮಾರಕವಾದದ್ದನ್ನು ನೆನೆದರೆ ಇತಿಹಾಸಕ್ಕೂ ಹಾಸ್ಯಪ್ರಜ್ಞೆ ಇದೆ ಎನಿಸುತ್ತದೆ.

ಐಸು ಅಗ್ಗವಾದ ಮೇಲೆ ಅಮೆರಿಕದ ಬಾರುಗಳಲ್ಲಿ ಬೆರೆಸುವ ಕಸುಬು ಬೆಳೆಯಿತು. ಅಲ್ಲಿಯವರೆಗೆ ಅದು ಗುರುವಿನಿಂದ ಶಿಷ್ಯನಿಗೆ ಬಾಯಿಮಾತಿನಲ್ಲಿ ಸಾಗಿದ ವಿದ್ಯೆ. 1862ರಲ್ಲಿ ಜೆರ್ರಿ ಥಾಮಸ್ ಎಂಬ ಬಾರ್‌ಟೆಂಡರ್ ತನಗೆ ಗೊತ್ತಿದ್ದದ್ದನ್ನೆಲ್ಲ ಪುಸ್ತಕವಾಗಿ ಅಚ್ಚು ಹಾಕಿಸಿದರು. ಅಮೆರಿಕದಲ್ಲಿ ಈ ಕಸುಬಿನ ಬಗ್ಗೆ ಅಚ್ಚಾದ ಮೊದಲ ಪುಸ್ತಕವೆಂದು ಅದಕ್ಕೆ ಖ್ಯಾತಿ. ಬೆಂಕಿ ಹಚ್ಚಿದ ವಿಸ್ಕಿಯನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಸುರಿದು ನೀಲಿ ಜ್ವಾಲೆಯ ಕಮಾನು ತೋರಿಸುತ್ತಿದ್ದರಂತೆ. ನಮ್ಮವರು ಕಾಫಿಯನ್ನು ಎತ್ತಿ ಹೊಯ್ಯುವುದನ್ನು ನೆನಪಿಸಿಕೊಳ್ಳಿ. ಆದರೆ ಅವರ ಹೆಸರು ಉಳಿದದ್ದು ಆ ಬೆಂಕಿಯಾಟದಿಂದ ಮಾತ್ರವಲ್ಲ, ಪುಸ್ತಕದಿಂದ. ಅವರ ಪಕ್ಕದಲ್ಲಿ ಅಷ್ಟೇ ಚೆನ್ನಾಗಿ ಬೆರೆಸುತ್ತಿದ್ದು, ಬರೆಯದೆ ಹೋದವರು ಎಷ್ಟು ಮಂದಿಯೋ!

ಲಂಡನ್ನಿನ ಸವಾಯ್ ಹೋಟೆಲಿಗೆ ಬರೋಣ. ಅಲ್ಲಿನ ಅಮೆರಿಕನ್ ಬಾರಿನಲ್ಲಿ 1903ರಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಕೌಂಟರಿನ ಆಚೆ ನಿಂತವರು ಅಡಾ ಕೋಲ್‌ಮನ್ ಎಂಬ ಮಹಿಳೆ. ಚಾರ್ಲ್ಸ್ ಹಾಟ್ರಿ ಎಂಬ ನಾಟಕದ ನಟ ದಣಿದು ಬಂದಾಗಲೆಲ್ಲ ಸ್ವಲ್ಪ ಖಡಕ್ಕಾದದ್ದು ಬೇಕೆನ್ನುತ್ತಿದ್ದರಂತೆ. ಆಕೆ ಬಹಳ ಹೊತ್ತು ಪ್ರಯೋಗ ಮಾಡಿ, ಜಿನ್ ಮತ್ತು ಸಿಹಿ ವರ್ಮೂತಿಗೆ ಇಟಲಿಯ ಫರ್ನೆಟ್ ಎಂಬ ಗಿಡಮೂಲಿಕೆಯ ಕಹಿ ಮದ್ಯವನ್ನು ತುಸು ಸೇರಿಸಿ ಕೊಟ್ಟರು. ಕುಡಿದ ನಟನ ಬಾಯಿಂದ ಬಂದ ಉದ್ಗಾರವೇ ‘ಹ್ಯಾಂಕಿ ಪ್ಯಾಂಕಿ’ ಎಂದು ಅದರ ಹೆಸರಾಯಿತು. ಇದೆಲ್ಲ ನಮಗೆ ಗೊತ್ತಾದದ್ದು 1925ರಲ್ಲಿ ಪತ್ರಿಕೆಯೊಂದು ಆಕೆಯನ್ನು ಮಾತನಾಡಿಸಿದ್ದರಿಂದ.

ಆ ವೇಳೆಗೆ ಅಮೆರಿಕದಲ್ಲಿ ದೊಡ್ಡದೊಂದು ಬದಲಾವಣೆಯಾಗಿತ್ತು. 1920ರ ಜನವರಿಯಿಂದ 1933ರ ಡಿಸೆಂಬರ್‌ವರೆಗೆ ಅಲ್ಲಿ ಪಾನನಿಷೇಧ. ಕಾನೂನಿನ ಗುಣದೋಷಗಳ ಚರ್ಚೆ ಇಲ್ಲಿ ಬೇಡ. ನಮ್ಮ ವಿಷಯಕ್ಕೆ ಮುಖ್ಯವಾದದ್ದು, ಒಂದೇ ದಿನದಲ್ಲಿ ಒಂದು ಕಸುಬಿನವರೆಲ್ಲ ಕೆಲಸ ಕಳೆದುಕೊಂಡರು ಎಂಬುದು. ಕೆಲವರು ಬೇರೆ ಉದ್ಯೋಗ ಹಿಡಿದರು, ಕೆಲವರು ಹಡಗು ಹತ್ತಿದರು. ಹಾಗೆ 1920ರಲ್ಲಿ ಇಂಗ್ಲೆಂಡಿಗೆ ಮರಳಿದ ಹ್ಯಾರಿ ಕ್ರ್ಯಾಡಕ್ ಸವಾಯ್ ಸೇರಿ, ಕೋಲ್‌ಮನ್ನರ ನಂತರ ಅದೇ ಬಾರಿನ ಮುಖ್ಯಸ್ಥರಾದರು. 1930ರಲ್ಲಿ ಅವರ ಪುಸ್ತಕ ಹೊರಬಂತು. ಇಂದಿಗೂ ಆ ಕಸುಬಿನವರ ಕೈಯಲ್ಲಿರುವ ಪುಸ್ತಕ ಅದು.

ಅದೇ ಕಾಲದಲ್ಲಿ ಪ್ಯಾರಿಸ್ಸಿನ ‘ಹ್ಯಾರೀಸ್ ನ್ಯೂಯಾರ್ಕ್ ಬಾರ್’ನಲ್ಲಿ ಫರ್ನಾಂಡ್ ಪೆಟಿಯೋ ಎಂಬ ತರುಣನಿದ್ದ. ವೋಡ್ಕಾಗೆ ಟೊಮ್ಯಾಟೊ ರಸ ಬೆರೆಸಿ ಆತ ಮಾಡಿದ್ದೇ ‘ಬ್ಲಡಿ ಮೇರಿ’ ಎಂದು ಆ ಬಾರಿನವರ ಹೇಳಿಕೆ. ಇಲ್ಲ, ಅದನ್ನು ಕಂಡುಹಿಡಿದವನು ನಾನೇ ಎಂದು ಅಮೆರಿಕದ ಹಾಸ್ಯನಟ ಜಾರ್ಜ್ ಜೆಸೆಲ್ ಹೇಳುತ್ತಿದ್ದರು. ಪೆಟಿಯೋ 1934ರಿಂದ ನ್ಯೂಯಾರ್ಕಿನ ಸೇಂಟ್ ರೀಜಿಸ್ ಹೋಟೆಲಿನಲ್ಲಿದ್ದರು. 1964ರಲ್ಲಿ ಪತ್ರಿಕೆಯವರು ಕೇಳಿದಾಗ ಅವರು ಕೊಟ್ಟ ಉತ್ತರ ನನಗೆ ಬಹಳ ಮೆಚ್ಚುಗೆಯಾಯಿತು. ಜೆಸೆಲ್ ಮಾಡಿದ್ದು ಬರೀ ವೋಡ್ಕಾ ಮತ್ತು ಟೊಮ್ಯಾಟೊ ರಸವೆಂದು ಒಪ್ಪಿಕೊಂಡು, ಉಪ್ಪು, ಕರಿಮೆಣಸು, ಒಣಮೆಣಸಿನ ಪುಡಿ, ನಿಂಬೆರಸ, ವೂಸ್ಟರ್ ಸಾಸ್‌ಗಳನ್ನು ಹಾಕಿ ಇಂದಿನ ರೂಪ ಕೊಟ್ಟವನು ತಾನು ಎಂದು ಹೇಳಿದರು. ಪರರ ಪಾಲನ್ನು ಪರರಿಗೆ ಬಿಟ್ಟು, ತನ್ನ ಪಾಲನ್ನು ಮಾತ್ರ ಕೇಳಿದರು. ಇನ್ನು ಆ ವೂಸ್ಟರ್ ಸಾಸಿನಲ್ಲಿ ಹುಣಸೆಹಣ್ಣೂ ಇದೆ. ಟೊಮ್ಯಾಟೊ, ಹುಣಸೆ, ಮೆಣಸು, ಉಪ್ಪು ಎಂದರೆ ವೋಡ್ಕಾ ಬಿಟ್ಟರೆ ಅದು ನಮ್ಮ ಸಾರಿನ ದೂರದ ನೆಂಟನಲ್ಲವೆ? ನನ್ನ ನಾಲಿಗೆಗೆ ಅದು ಹಿಡಿಸಿದ್ದಕ್ಕೆ ಈ ನಂಟಸ್ತಿಕೆಯೇ ಕಾರಣವಿರಬೇಕು.

ಪೆಟಿಯೋ ಮತ್ತು ಕ್ರ್ಯಾಡಕ್ಕರಿಗೆ ಮಾತನಾಡಲು ಪತ್ರಿಕೆ, ಪ್ರಕಾಶಕರು ಸಿಕ್ಕರು. ವಸಾಹತುಗಳ ನೌಕರರ ಪಾಡು ಬೇರೆ. ಸಿಂಗಪುರದ ರಾಫಲ್ಸ್ ಹೋಟೆಲಿನಲ್ಲಿ ನಿಯಾಮ್ ಟೋಂಗ್ ಬೂನ್ ಎಂಬ ಬಾರ್‌ಟೆಂಡರ್ ಇದ್ದರು. ಚೀನದ ಹೈನಾನ್ ಮೂಲದವರು. ಸಿಂಗಪುರಕ್ಕೆ ತಡವಾಗಿ ಬಂದ ಹೈನಾನಿಗರಿಗೆ ವ್ಯಾಪಾರದಲ್ಲಿ ಎಡೆ ಸಿಗದೆ, ಮನೆಗೆಲಸ, ಅಡಿಗೆ, ಹೋಟೆಲುಗಳೇ ಗತಿಯಾಗಿದ್ದವು. ಹೋಟೆಲಿನವರು ಹೇಳುವಂತೆ, ಹೆಂಗಸರು ಎಲ್ಲರೆದುರು ಮದ್ಯ ಕುಡಿಯುವುದು ಅಂದು ಸಭ್ಯವಲ್ಲವಾದುದರಿಂದ, ಹಣ್ಣಿನ ರಸದಂತೆ ಕಾಣುವ ಕೆಂಬಣ್ಣದ ಪಾನೀಯವನ್ನು ಅವರು 1915ರಲ್ಲಿ ರೂಪಿಸಿದರು. ಅದೇ ಇಂದಿನ ‘ಸಿಂಗಪುರ್ ಸ್ಲಿಂಗ್’. ಅದಕ್ಕೂ ಮೊದಲೇ ಅಲ್ಲಿ ಇಂಥದೊಂದು ಪಾನೀಯವಿತ್ತು ಎನ್ನುವ ಇತಿಹಾಸಕಾರರೂ ಇದ್ದಾರೆ. ಏನೇ ಇರಲಿ, ನಿಯಾಮ್ ಅವರ ಹೆಸರನ್ನು ಹೋಟೆಲು ಈಗ ಗೌರವದಿಂದ ಹೇಳುತ್ತದೆ. ಆದರೆ ಇಲ್ಲಿ ಮಾತನಾಡುತ್ತಿರುವುದು ಹೋಟೆಲು. ಅವರ ಮಾತು ನಮಗೆ ಕೇಳಿಸುವುದಿಲ್ಲ.

ಇನ್ನೊಂದು ಪ್ರಸಂಗ ಹಾಲಿವುಡ್ಡಿನದು. ಪಾನನಿಷೇಧ ತೆರವಾದ ಹೊಸತರಲ್ಲಿ ಡಾನ್ ಬೀಚ್ ಎಂಬವರು ಅಲ್ಲಿ ದ್ವೀಪವಾಸಿಗಳ ಗುಡಿಸಲಿನಂತೆ ಅಲಂಕರಿಸಿದ ಬಾರ್ ತೆರೆದರು. ಹಲವು ಬಗೆಯ ರಮ್ಮುಗಳನ್ನು ಬೆರೆಸಿದ ‘ಜೋಂಬಿ’ ಅವರ ಹೆಸರಾಂತ ಪಾನೀಯ. ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಕೊಡುವುದಿಲ್ಲವೆಂಬ ಕಟ್ಟಳೆ ಬೇರೆ! ಕೌಂಟರಿನ ಹಿಂದೆ ದುಡಿಯುತ್ತಿದ್ದವರಲ್ಲಿ ಅನೇಕರು ಫಿಲಿಪೀನ್ಸಿನಿಂದ ಬಂದವರು. ಗುಟ್ಟು ಹೊರಹೋಗಬಾರದೆಂದು ಡಾನ್ ಅವರು ಬಾಟಲಿಗಳಿಗೆ ನಿಜವಾದ ಹೆಸರಿನ ಬದಲು ಸಂಕೇತಗಳನ್ನು ಬರೆಸುತ್ತಿದ್ದರು. ಬೆರೆಸುವವನಿಗೇ ತಾನು ಬೆರೆಸುತ್ತಿರುವುದು ಏನೆಂದು ತಿಳಿಯದು. ಹೀಗಾಗಿ ಮೂಲ ಜೋಂಬಿಯ ಅಳತೆ ದಶಕಗಳ ಕಾಲ ಹೊರಗಿನವರಿಗೆ ಸಿಗಲೇ ಇಲ್ಲ. ಕೊನೆಗೆ ಅದು ಸಿಕ್ಕಿದ್ದೆಲ್ಲಿ ಗೊತ್ತೆ? ಅಲ್ಲಿ ದುಡಿದಿದ್ದ ಡಿಕ್ ಸ್ಯಾಂಟಿಯಾಗೊ ಎಂಬ ಸಪ್ಲಾಯರ್ 1937ರಲ್ಲಿ ಬರೆದಿಟ್ಟುಕೊಂಡಿದ್ದ ಕಿಸೆಪುಸ್ತಕದಲ್ಲಿ. ಅದನ್ನು ಅವರ ಮಗಳು ಜೋಪಾನ ಮಾಡಿದ್ದರು. ಜೆಫ್ ಬೆರ್ರಿ ಎಂಬ ಲೇಖಕರು ಅದರಲ್ಲಿದ್ದ ಸಂಕೇತಗಳನ್ನೂ ಬಿಡಿಸಿ 2007ರಲ್ಲಿ ಪ್ರಕಟಿಸಿದರು. ‘ಡಾನ್ಸ್ ಮಿಕ್ಸ್’ ಎಂಬ ಗುಟ್ಟಿನ ಬಾಟಲಿಯಲ್ಲಿ ಇದ್ದದ್ದು ಗ್ರೇಪ್‌ಫ್ರೂಟ್ ಎಂಬ ಚಕ್ಕೋತದ ಬಳಗದ ಹಣ್ಣಿನ ರಸ ಮತ್ತು ದಾಲ್ಚಿನ್ನಿಯ ಪಾಕ, ಅಷ್ಟೆ. ಅದೇ ಬಾರಿನಲ್ಲಿ ಪಳಗಿದ ರೇ ಬ್ಯೂಹೆನ್ ಎಂಬ ಫಿಲಿಪಿನೊ ಬಾರ್‌ಟೆಂಡರ್ 1961ರಲ್ಲಿ ಲಾಸ್ ಏಂಜಲೀಸಿನಲ್ಲಿ ತಮ್ಮದೇ ಪುಟ್ಟ ಬಾರ್ ತೆರೆದರು. ಅದು ಅವರ ಕುಟುಂಬದವರ ಕೈಯಲ್ಲೇ ಮುಂದುವರಿಯಿತು.

ಇವೆಲ್ಲವನ್ನೂ ಓದುವಾಗ ನನ್ನ ಕಣ್ಣ ಮುಂದೆ ಇದ್ದವರು ಅಣ್ಣ. ಉಡುಪಿ, ಕುಂದಾಪುರ, ಮಂಗಳೂರಿನ ಕಡೆಯಿಂದ ಮುಂಬಯಿಗೆ ಹೋಗಿ ಹೋಟೆಲು ಸೇರಿದ ಹುಡುಗರ ಕತೆ ತಮಗೂ ಗೊತ್ತಿದೆ. ಹಗಲೆಲ್ಲ ದುಡಿದು, ಕನ್ನಡಿಗರು ಅಲ್ಲಿ ನಡೆಸುತ್ತಿದ್ದ ರಾತ್ರಿಶಾಲೆಗಳಲ್ಲಿ ಓದಿದವರು ಎಷ್ಟೋ ಮಂದಿ. 1949ರ ಪಾನನಿಷೇಧ ಕಾಯಿದೆಯ ಪ್ರಕಾರ ಮದ್ಯ ಸೇವಿಸಲು ಪರವಾನಗಿ, ಅಂದರೆ ಪರ್ಮಿಟ್ ಬೇಕಾದುದರಿಂದ ಅಲ್ಲಿನ ಬಾರುಗಳಿಗೆ ‘ಪರ್ಮಿಟ್ ರೂಮ್’ ಎಂಬ ಹೆಸರು ನಿಂತಿತು. ಅವುಗಳನ್ನು ನಡೆಸಿದವರಲ್ಲಿಯೂ ಅಲ್ಲಿ ದುಡಿದವರಲ್ಲಿಯೂ ನಮ್ಮ ಕರಾವಳಿಯವರು ಬಹಳ. ಹೋಟೆಲ್ ಕಟ್ಟಿ ಬೆಳೆಸಿದವರ ಬಗ್ಗೆ ಅಭಿನಂದನ ಗ್ರಂಥಗಳು ಬಂದಿವೆ, ಬರಬೇಕಾದದ್ದೇ. ಕೌಂಟರಿನ ಆಚೆ ಮೂವತ್ತು ವರ್ಷ ನಿಂತವರ ಬಗ್ಗೆ ಬಂದದ್ದನ್ನು ನಾನು ಕಂಡಿಲ್ಲ.

ನಾನು ಕೆಲಸ ಬಿಡುವ ಹೊತ್ತಿಗೆ ಅಣ್ಣನ ಪುನರ್ಪುಳಿ ಪಾನೀಯ ಬಾಯಿಂದ ಬಾಯಿಗೆ ಹರಡಿ, ಅದಕ್ಕಾಗಿಯೇ ಜನ ಬರುತ್ತಿದ್ದರು. ಹೊಸ ಮೆನು ಕಾರ್ಡು ಅಚ್ಚಾಗಿ ಬಂತು. ಅದರಲ್ಲಿ ಆ ಪಾನೀಯಕ್ಕೆ ಬಾರಿನ ಹೆಸರನ್ನೇ ಇಟ್ಟಿದ್ದರು. ಕಾರ್ಡನ್ನು ನೋಡಿದ ಅಣ್ಣ, “ಅಚ್ಚು ಲಾಯ್ಕ ಬಂದಿದೆ” ಎಂದು ಹೇಳಿ ಲೋಟ ಒರೆಸತೊಡಗಿದರು. ನನಗೆ ಮಾತ್ರ ಸಿಟ್ಟು ಬಂದಿತ್ತು.

ಈಗ ಸ್ವಂತದ ಕಾರಣವನ್ನು ಹೇಳುತ್ತೇನೆ. ಮೊದಲಿಗೆ ಹೇಳಿದ ಸಂವಾದಕ್ಕೆ ಸಿದ್ಧತೆ ನಡೆದಾಗ, ಅಣ್ಣನನ್ನೇ ಕ್ಯಾಮೆರಾ ಮುಂದೆ ಕೂರಿಸಬೇಕು, ಅವರ ಹೆಸರನ್ನು ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ತೋರಿಸಬೇಕು ಎಂದು ಆಸೆಪಟ್ಟೆ. ಈಗ ಊರಿನಲ್ಲೇ ಇದ್ದಾರೆ. ಫೋನ್ ಮಾಡಿದೆ. ಸಂತೋಷದಿಂದ ಮಾತನಾಡಿದವರು, ವಿಷಯ ತಿಳಿದೊಡನೆ ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಬೇಡ ಮಾರಾಯ. ಊರಿನವರಿಗೆ ನಾನು ಹೋಟ್ಲಲ್ಲಿ ಇದ್ದವ. ಅಷ್ಟು ಸಾಕು. ಮಗಳ ಗಂಡನ ಮನೆಯವರೂ ಟೀವಿ ನೋಡ್ತಾರೆ.”

“ಅಣ್ಣ, ನೀವು ತಪ್ಪು ಮಾಡಿದ್ದೇನೂ ಇಲ್ಲವಲ್ಲ” ಎಂದೆ.

“ನಾನು ಹದಿಮೂರಕ್ಕೆ ಮುಂಬಯಿಗೆ ಯಾಕೆ ಹೋದೆ ಗೊತ್ತುಂಟಾ? ಅಪ್ಪ ಗದ್ದೆ ಕುಡಿದು ಮುಗಿಸಿದ್ರು. ಅದನ್ನೇ ಮಾರಿ ನಾನು ಗದ್ದೆ ಬಿಡಿಸಿಕೊಂಡೆ. ಇದನ್ನೆಲ್ಲ ಟೀವಿಯಲ್ಲಿ ಹೇಳ್ಲಿಕ್ಕೆ ಆಗ್ತದಾ?”

ನನ್ನಲ್ಲಿ ಉತ್ತರವಿರಲಿಲ್ಲ. ಮೆನು ಕಾರ್ಡಿನಲ್ಲಿ ಅವರ ಹೆಸರನ್ನು ಅಳಿಸಿದವರು ಮಾಲೀಕರು ಎಂದು ಇಷ್ಟು ವರ್ಷ ಸಿಟ್ಟಾಗಿದ್ದೆ. ಅದು ಅರ್ಧ ಸತ್ಯ. ಉಳಿದರ್ಧವನ್ನು ಅಳಿಸಿದ್ದು ನಾಚಿಕೆ. ಆ ನಾಚಿಕೆಯಲ್ಲಿ ನನ್ನ ಪಾಲೂ ಉಂಟು. ಆ ಬೇಸಿಗೆಯಲ್ಲಿ ನಾನು ಟ್ಯೂಷನ್ ಹೇಳಲಿಲ್ಲ ಎಂಬುದು ನನ್ನ ತಂದೆತಾಯಿಗೆ ಇಂದಿಗೂ ತಿಳಿಯದು. ಈ ಪುಟವನ್ನು ಓದಿದರೆ ತಿಳಿದೀತು. ಹೀಗಿರುವಾಗ ಅಣ್ಣನಿಗೆ ಧೈರ್ಯ ಹೇಳುವ ಅಧಿಕಾರ ನನಗೆಲ್ಲಿಯದು? ಅಣ್ಣನಿಲ್ಲದೆ ಬಾರಿನ ಮಾತು ಬೇಡವೆನಿಸಿತು. ಅಲ್ಲಿಗೇ ಕಾರ್ಯಕ್ರಮವನ್ನು ಮುಗಿಸಿದೆ.

ದೂರದರ್ಶನದಲ್ಲಿ ದುಡಿಯುವ ನಮಗೆ ಈ ಹೆಸರಿನ ವಿಚಾರ ದಿನನಿತ್ಯದ್ದು. ಕಾರ್ಯಕ್ರಮದ ಕೊನೆಯಲ್ಲಿ ದೀಪ, ಧ್ವನಿ, ಸಂಕಲನದವರ ಹೆಸರುಗಳು ಓಡುತ್ತವೆ. ತಾವು ಅಷ್ಟರಲ್ಲಿ ಎದ್ದು ಊಟಕ್ಕೆ ಹೋಗಿರುತ್ತೀರಿ. ತಪ್ಪೇನಿಲ್ಲ. ಆದರೂ ಆ ಹೆಸರುಗಳು ಅಲ್ಲಿ ಇರುತ್ತವೆ.

ಅಣ್ಣನ ಮಾತಿಗೆ ಬೆಲೆ ಕೊಟ್ಟು ಅವರ ಹೆಸರನ್ನಾಗಲಿ, ಊರನ್ನಾಗಲಿ ಇಲ್ಲಿ ಬರೆದಿಲ್ಲ. ಅವರ ಪಾನೀಯದ ಅಳತೆಯನ್ನು ಬರೆಯಲೆ ಎಂದು ಕೇಳಿದ್ದಕ್ಕೆ, “ಅದನ್ನು ಬರೆ. ಜಿನ್ ಬಿಟ್ಟು ಬರೆ” ಎಂದರು. ಹಾಗೆಯೇ ಬರೆಯುತ್ತೇನೆ. ಒಣಗಿದ ಪುನರ್ಪುಳಿ ಸಿಪ್ಪೆ ಒಂದು ಹಿಡಿ, ನೆನೆಯಲು ಎರಡು ಲೋಟ ನೀರು, ಎರಡು ಗಂಟೆ ಹೊತ್ತು. ಹಿಂಡಿ ಸೋಸಿದ ರಸ 60 ಮಿಲಿಲೀಟರ್, ಸಕ್ಕರೆ ಪಾಕ 20 ಮಿಲಿಲೀಟರ್, ಎರಡು ಚಿಟಿಕೆ ಉಪ್ಪು, ಹುರಿದು ಕುಟ್ಟಿದ ಜೀರಿಗೆ ಅರ್ಧ ಚಿಟಿಕೆ. ಮೇಲೆ ತಣ್ಣನೆಯ ಸೋಡಾ. ಐಸು ಒಂದೇ ಇರಲಿ, ದೊಡ್ಡದಿರಲಿ.